ಒತ್ತಾಸೆಗೆ ಇದ್ದವಳು

ಸಭೆಗಳಲ್ಲಿ 'ಸಬಲೀಕರಣ' ಎಂಬ ಪದ ಕಿವಿಗೆ ಬಿದ್ದರೆ ನನಗೆ ಈಗ ವಾಕರಿಕೆ ಬರುತ್ತದೆ. ಆ ಪದವನ್ನು ನಾನೇ ಎಷ್ಟು ವರದಿಗಳಲ್ಲಿ ಬರೆದಿದ್ದೇನೋ. ಆದರೆ ಇಲ್ಲಿ ಹೇಳಹೊರಟಿರುವುದು ಇನ್ನೊಂದು ಪದದ ಸಂಗತಿ, 'ಒತ್ತಾಸೆ'. ಒಳ್ಳೆಯ ಪದ. ಅದನ್ನು ಹಾಳು ಮಾಡಿದವಳು ನಾನು.

ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಕೊಯಮತ್ತೂರಿಗೆ ಬಂದವಳು ನಾನು. ಇಲ್ಲಿನ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೆಂಗಸರು ಏನು ದುಡಿಯುತ್ತಾರೆ, ಯಾಕೆ ದುಡಿಯುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ, ಬಂದ ಉತ್ತರಗಳನ್ನು ಕೋಷ್ಟಕ ಮಾಡಿ, ಸರ್ಕಾರದಲ್ಲಿ ನೀತಿ ರೂಪಿಸುವವರ ಮೇಜಿಗೆ ಮುಟ್ಟಿಸುವುದು. ಕುನ್ನತ್ತೂರಿನ ಕಡೆ ಕನ್ನಡ ಮಾತಾಡುವ ನೇಕಾರರ ಬೀದಿಯೊಂದು ಪಟ್ಟಿಯಲ್ಲಿ ಬಂತು. "ನಿಮ್ಮ ಭಾಷೆಯವರು, ನೀವೇ ಹೋಗಿ" ಎಂದರು ನಮ್ಮ ನಿರ್ದೇಶಕರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಬೀದಿಗೆಂದೇ ನಮ್ಮ ಕೇಂದ್ರದವರು ಒಪ್ಪಿಗೆ ಪತ್ರವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು. ಅಲ್ಲಿ ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಆಡುವ ಭಾಷೆ ಅದು. ಶಾಲೆ, ಸಂತೆ, ಜಗಳ ಎಲ್ಲ ತಮಿಳಿನಲ್ಲಿ. ಕಾಗದವನ್ನು ಕೈಯಲ್ಲಿ ಹಿಡಿದು, ನನ್ನ ಮುಖ ನೋಡಿ, ತಮಿಳಿನಲ್ಲಿ ಸಹಿ ಹಾಕಿಕೊಟ್ಟರು. ಹಾಗಾಗಿ ಪ್ರತಿ ಮನೆಯಲ್ಲೂ ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು: ನೀವು ಹೇಳಿದ್ದು ನಮ್ಮ ಕೇಂದ್ರ ಬಿಟ್ಟು ಯಾರ ಕೈಗೂ ಹೋಗುವುದಿಲ್ಲ.

ಅಲ್ಲಿನ ಒಂದು ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಲಾಳಿ ಓಡುವ ಸದ್ದು ಕೇಳುತ್ತಿತ್ತು. ನಾನು ಕಾಲಿಡುವಷ್ಟರಲ್ಲಿ ಸದ್ದು ನಿಂತಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನೆಲದ ಗುಂಡಿಮಗ್ಗದಿಂದ ಕಾಲು ಮೇಲೆಳೆದುಕೊಂಡು ಎದ್ದಳು. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಗಂಡ ನನ್ನನ್ನು ದಾಟಿಕೊಂಡು ಒಳಬಂದು, ಅದೇ ಜಾಗದಲ್ಲಿ ಗುಂಡಿಗೆ ಕಾಲು ಇಳಿಬಿಟ್ಟು ಕೂತ. ಅವನ ಬಲಗೈ ಅದುರುತ್ತಿತ್ತು. ಕೂತನೇ ಹೊರತು ಮಗ್ಗ ಮುಟ್ಟಲಿಲ್ಲ.

"ಕಳೆದ ಏಳು ದಿನದಲ್ಲಿ ನೀವು ಏನು ಕೆಲಸ ಮಾಡಿದಿರಿ?" ಎಂದು ಆಕೆಯನ್ನು ಕೇಳಿದೆ.

"ಕೆಲ್ಸ ಅವ್ರದು ತಾನೆ. ತರಿ ನೆಯ್ಯೋದು ಅವ್ರು. ನಾ ಒತ್ತಾಸೆಗೆ ಇರ್ತೀನಿ, ಅಷ್ಟೇ ಕಣ್ಣು" ಎಂದಳು. ತರಿ ಎಂದರೆ ಮಗ್ಗ. ಕಣ್ಣು ಎನ್ನುವುದು ಈ ಕಡೆಯವರು ಅಕ್ಕರೆಯಿಂದ ಕರೆಯುವ ರೀತಿ.

ನಮ್ಮ ಕಡೆ ಒತ್ತಾಸೆ ಎಂದರೆ ಬೆನ್ನಿಗೆ ನಿಲ್ಲುವುದು, ಧೈರ್ಯ ಹೇಳುವುದು. ಮಗಳ ಓದಿಗೆ ತಾಯಿ ಒತ್ತಾಸೆಯಾಗಿ ನಿಂತಳು ಎನ್ನುತ್ತೇವೆ. ಈ ಸೀಮೆಯಲ್ಲಿ, ತಮಿಳಿನಲ್ಲೂ ಇವರ ಮನೆಗನ್ನಡದಲ್ಲೂ, ಒತ್ತಾಸೆ ಎಂದರೆ ಕೈ ಹಾಕಿ ಕೆಲಸ ಮಾಡಿಕೊಡುವುದು ಎಂದು ನನಗೆ ಗೊತ್ತಾದದ್ದು ಆಮೇಲೆ. ನನ್ನ ಬದಲು ತಮಿಳಿನ ಹುಡುಗಿ ಯಾರಾದರೂ ಹೋಗಿದ್ದರೆ "ಏನು ಒತ್ತಾಸೆ, ದಿನಕ್ಕೆ ಎಷ್ಟು ಹೊತ್ತು?" ಎಂದು ಕೇಳುತ್ತಿದ್ದಳು. ನಾನು ಕೇಳಲಿಲ್ಲ. ನನಗೆ ಕನ್ನಡ ಬರುತ್ತದಲ್ಲ, ಕೊಬ್ಬು. ಆಕೆ ಗುಂಡಿಯಿಂದ ಎದ್ದು ಬಂದದ್ದನ್ನು ಕಣ್ಣಾರೆ ಕಂಡೂ, ತಲೆಗೂದಲಿಗೆ ಅಂಟಿದ್ದ ನೂಲಿನ ಎಳೆ ಕಂಡೂ, ಬರೆದೆ: ಮನೆವಾರ್ತೆ. ಗಂಡನ ವೃತ್ತಿಗೆ ನೈತಿಕ ಬೆಂಬಲ. ದುಡಿಮೆ ಇಲ್ಲ.

ಮುಂದಿನ ಮನೆಗಳಲ್ಲೂ ಅದೇ ಆಟ. ಚಪ್ಪಲಿ ಬಿಟ್ಟ ಸದ್ದಿಗೆ ಲಾಳಿ ನಿಲ್ಲುತ್ತದೆ, ಹೆಂಗಸು ಏಳುತ್ತಾಳೆ, ಗಂಡಸು ಕೂರುತ್ತಾನೆ. ಹೊರಗಿನವರು ಬಂದಾಗ ಮಗ್ಗದಲ್ಲಿ ಹೆಂಗಸು ಕಾಣಿಸಿದರೆ ಆ ಮನೆಯ ಗಂಡಸು ಕೈಲಾಗದವನು ಎಂದು ಬೀದಿಯ ಲೆಕ್ಕ. ನಾನು ಇದನ್ನೂ ನೋಡಿದೆ. ಇದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ ಎನ್ನಿ.

ಕೆಲವು ತಿಂಗಳ ನಂತರ ಕೊಯಮತ್ತೂರಿನ ದೊಡ್ಡ ಹೋಟೆಲಿನ ತಣ್ಣನೆಯ ಹಾಲಿನಲ್ಲಿ ವರದಿ ಬಿಡುಗಡೆ ಆಯಿತು. ವೇದಿಕೆಯ ಮೇಲೆ ಸಾಲಾಗಿ ಗಂಡಸರು, ನಿರೂಪಣೆಗೆ ಮಾತ್ರ ಒಬ್ಬ ಹುಡುಗಿ. ಪರಿಣತರೊಬ್ಬರು ನನ್ನ ಕೋಷ್ಟಕವನ್ನು ಪರದೆಯ ಮೇಲೆ ಹಾಕಿ, ಸಾಂಪ್ರದಾಯಿಕ ನೇಕಾರ ಸಮುದಾಯದ ಮಹಿಳೆಯರು ದುಡಿಮೆಗಿಂತ ಕುಟುಂಬಕ್ಕೆ ನೈತಿಕ ಬೆಂಬಲವಾಗಿರುವುದನ್ನೇ ಆಯ್ದುಕೊಳ್ಳುತ್ತಾರೆ, ಇದು ಅವರ ಸಂಸ್ಕೃತಿ, ನೀತಿ ಇದನ್ನು ಗೌರವಿಸಬೇಕು ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಗೋಡಂಬಿ ಪಕೋಡ. ಕ್ಷೇತ್ರಕಾರ್ಯ ಮಾಡಿದವಳೆಂದು ನನಗೂ ಒಂದು ಶಾಲು ಹೊದಿಸಿದರು. ಆ ಹೊತ್ತಿಗೆ ನನಗೆ ಖುಷಿಯೇ ಆಗಿತ್ತು. ಈಗ ನೆನೆದರೆ ಮೈಮೇಲೆ ಯಾರೋ ಉಗಿದಂತಾಗುತ್ತದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ಕನ್ನಡದ ಒಪ್ಪಿಗೆ ಪತ್ರದ ಕೆಳಗೆ ನನ್ನ ಫೋನ್ ನಂಬರ್ ಇತ್ತು. ಅಂಕಿ ಓದಲು ಲಿಪಿ ಬೇಕಿಲ್ಲವಲ್ಲ. ಒಂದು ದಿನ, ಒತ್ತಾಸೆಗೆ ಇರ್ತೀನಿ ಎಂದಿದ್ದ ಆ ಹೆಂಗಸು ಫೋನ್ ಮಾಡಿದಳು. ಗಂಡ ತೀರಿಕೊಂಡಿದ್ದ. ನೇಕಾರರ ಸಂಘದ ಸದಸ್ಯತ್ವ ಅವನ ಹೆಸರಿನಲ್ಲಿತ್ತು. ಸದಸ್ಯರಿಗೆ ಮಾತ್ರ ಸಂಘ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಯ ನೂಲು, ಕೊಡುವುದು, ನೇಯ್ದ ಸೀರೆ ತೆಗೆದುಕೊಳ್ಳುವುದು. ಅದನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಕೇಳಿದರೆ ಕಾರ್ಯದರ್ಶಿ ಆಗುವುದಿಲ್ಲ ಎಂದನಂತೆ. ಹಾಸು ಬರದಿದ್ದರೆ ಮಗ್ಗ ಸುಮ್ಮನೆ ನಿಲ್ಲುತ್ತದೆ. ಮನೆಯಲ್ಲಿ ಅರ್ಧ ಪಾಲಿರುವ ಮೈದುನ, ಗುಂಡಿ ಮುಚ್ಚಿ ಸಿಮೆಂಟು ಬಳಿದು ಆ ಕೋಣೆಯನ್ನು ಬಾಡಿಗೆಗೆ ಕೊಡಲು ಕಾದಿದ್ದ.

"ನೀವು ಬಂದು ಒಂದ್ ಮಾತು ಸೊಲ್ಲಿ ಕಣ್ಣು. ನೀವು ಓದ್ದವ್ರು" ಎಂದಳು. ಸೊಲ್ಲಿ ಎಂದರೆ ಹೇಳಿ.

ಹೋದೆ. ಕಾರ್ಯದರ್ಶಿ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ಮನೆ ನಂಬರಿನ ಸಮೇತ ನನ್ನದೇ ಪಟ್ಟಿ. ಯೋಜನೆಗೆ ಬೇಕು ಎಂದು ಕೈಮಗ್ಗ ಇಲಾಖೆ ಕೇಳಿತಂತೆ, ನಮ್ಮ ನಿರ್ದೇಶಕರು ಹಲ್ಲು ಕಿರಿಯುತ್ತಾ ಕೊಟ್ಟಿದ್ದರು, ಅಲ್ಲಿಂದ ಸಂಘಕ್ಕೆ ಬಂದಿತ್ತು. ನಾನು ಮನೆಮನೆಯಲ್ಲಿ ಓದಿ ಹೇಳಿ ಕೊಟ್ಟ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿದಿರಲಿಲ್ಲ. ಆಕೆಯ ಮನೆಯ ಎದುರು ಬರೆದಿತ್ತು: ದುಡಿಮೆ ಇಲ್ಲ.

"ನೀವೇ ಬರ್ದಿದ್ದೀರಿ, ನೀವೇ ಇಲ್ಲ ಅಂತೀರಾ?" ಎಂದು ತಮಿಳಿನಲ್ಲಿ ಕೇಳಿ ನಕ್ಕ.

ನೇಯ್ದು ತೋರಿಸುತ್ತೇನೆ, ಬಂದು ನೋಡಿ ಎಂದಳು ಆಕೆ. "ನೇಯೋಕೆ ಬರಲ್ಲ ಅಂತ ಯಾರಂದ್ರು? ನೇಕಾರಳು ಅನ್ನೋದಕ್ಕೆ ದಾಖಲೆ ಬೇಕು" ಎಂದ. ಮಗ್ಗದ ಕಾಲ್ಮಣೆ ತುಳಿದು ತುಳಿದು ಗಂಟುಗಟ್ಟಿದ ಪಾದವನ್ನು ಆಕೆ ಸೀರೆಯಂಚಿನಿಂದ ಹೊರಗಿಟ್ಟಳು. ಅವನು ಬಗ್ಗಿ ನೋಡಿ, ಮನೆ ಹೆಂಗಸರ ಕಾಲು ಎಲ್ಲ ಹೀಗೇ ಎಂದು ಟೀ ತರಿಸಿದ. ಕೊನೆಗೆ, ಬೀದಿಯ ಇಬ್ಬರು ಸದಸ್ಯರು ಈಕೆ ನೇಯುತ್ತಿದ್ದಳು ಎಂದು ಸಹಿ ಹಾಕಿದರೆ ನೋಡೋಣ ಎಂದ.

ಬೀದಿಯಲ್ಲಿ ಮನೆಮನೆಗೂ ಹೋದೆವು. ಗಂಡಸರು ಉಪಚಾರ ಮಾಡಿದರು, ಅಯ್ಯೋ ಪಾಪ ಎಂದರು, ಪೆನ್ನು ಮಾತ್ರ ಮುಟ್ಟಲಿಲ್ಲ. ಒಬ್ಬ ಮುದುಕ ಬಾಯಿಬಿಟ್ಟು ಹೇಳಿದ: "ಅವ್ಳು ನೆಯ್ತಿದ್ಳು ಅಂತ ನಾ ಬರ್ಕೊಟ್ರೆ, ನಾಳೆ ನನ್ ಮನೇಲಿ ಯಾರ್ ನೆಯ್ಯೋದು ಅಂತ ಕೇಳ್ತಾರೆ." ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸಹಿ ಹಾಕುವ ಹಕ್ಕಿದ್ದ ಸದಸ್ಯರೆಲ್ಲ ಗಂಡಸರೇ.

ಮಾರನೆಯ ದಿನ ನಿರ್ದೇಶಕರ ಮುಂದೆ ನಿಂತೆ. ನನ್ನ ತಪ್ಪು, ಪದ ತಪ್ಪಾಗಿ ತಿಳಿದೆ, ಒಂದು ತಿದ್ದುಪಡಿ ಪತ್ರ ಕೊಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಸಾಲು ತಿದ್ದಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ, ವರದಿ ಈಗಾಗಲೇ ಮೇಲೆ ಹೋಗಿದೆ ಎಂದರು. ಮುಂದಿನ ಸುತ್ತಿನಲ್ಲಿ ಒಂದು ಪ್ರಶ್ನೆ ಸೇರಿಸೋಣ ಎಂದರು. ಆ ಬೆಳಿಗ್ಗೆ ಲಿಂಗ ಸಮಾನತೆಯ ಬಗ್ಗೆ ಭಾಷಣಕ್ಕೆ ಹೊರಟಿದ್ದರು ಪುಣ್ಯಾತ್ಮರು, ಇಸ್ತ್ರಿ ಮಾಡಿದ ಖಾದಿ ಜುಬ್ಬಾ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಇವರ ಮುಖಕ್ಕೆ ರಾಜೀನಾಮೆ ಎಸೆದೆ ಎಂದು ಬರೆಯಲು ಆಸೆಯಿದೆ, ಆದರೆ ಎಸೆಯಲಿಲ್ಲ. ಮನೆ ಸಾಲ, ಮಗಳ ಕಾಲೇಜು, ಎಲ್ಲರಿಗೂ ಇರುವ ನೆಪಗಳು ನನಗೂ ಇದ್ದವು. ಖಾಲಿ ಹಾಳೆಯ ಮೇಲೆ ನನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಬರೆದು ಸಂಘಕ್ಕೆ ಕಳಿಸಿದೆ. ಮುದ್ರೆ ಇಲ್ಲ ಎಂದು ಹಿಂದಕ್ಕೆ ಬಂತು.

ಮತ್ತೆ ಆ ಮನೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಭಾನುವಾರ. ಗುಂಡಿ ಇದ್ದ ಕಡೆ ನುಣ್ಣನೆಯ ಸಿಮೆಂಟು, ಅದರ ಮೇಲೆ ಯಾರದೋ ಮಂಚ, ಬಾಡಿಗೆಗೆ ಬಂದ ಹುಡುಗರ ಒದ್ದೆ ಬಟ್ಟೆ. ಮಗ್ಗದ ಮರವನ್ನು ಮೈದುನ ಸೌದೆಗೆ ಹಾಕಿದ್ದ. ಆಕೆ ಹಿತ್ತಲ ಕೋಣೆಯಲ್ಲಿದ್ದಳು. ಈಗ ವಾರವಿಡೀ ತಿರುಪ್ಪೂರಿನ ಬನಿಯನ್ ಕಂಪನಿಯ ವ್ಯಾನ್ ಹತ್ತುತ್ತಾಳೆ. ಹೊಲಿದ ಬನಿಯನ್ನುಗಳಿಂದ ಉಳಿದ ದಾರ ಕತ್ತರಿಸುವ ಕೆಲಸ. ನಮ್ಮ ಫಾರಂ ಪ್ರಕಾರ ಆಕೆ ಮೊದಲ ಬಾರಿಗೆ ದುಡಿಮೆಗೆ ಸೇರಿದ್ದಾಳೆ. ಈ ವಾಕ್ಯ ಬರೆಯುವಾಗಲೂ ಹೇಸಿಗೆಯಾಗುತ್ತದೆ.

ನನ್ನಿಂದ ಹೀಗಾಯಿತು, ನಾನು ಸರಿಯಾಗಿ ಕೇಳಬೇಕಿತ್ತು ಎಂದೆ.

"ನೀವು ಏನ್ ಮಾಡ್ತೀರಿ ಕಣ್ಣು, ನಾ ಸೊಲ್ಲಿದ್ದನ್ನ ತಾನೆ ಬರ್ದಿರಿ" ಎಂದಳು. "ಇಷ್ಟು ವರ್ಷ ಒಬ್ರ ಮುಂದೂ ನಾ ನೆಯ್ತೀನಿ ಅಂತ ಬಾಯಲ್ಲಿ ಬರ್ಲಿಲ್ಲ. ಅವ್ರ ಮಾನ ಹೋಗ್ತದೆ ಅಂತ."

ಈಗ ಹೇಳಿ, ಮುಂದಿನ ವರದಿಯಲ್ಲಿ ನಾನೇ ಬರೆಯುತ್ತೇನೆ ಎಂದು ಬ್ಯಾಗಿನಿಂದ ಪುಸ್ತಕ ತೆಗೆದೆ. ಆಕೆ ಅದರ ಕಡೆ ನೋಡಲಿಲ್ಲ. ಒಲೆಯ ಮೇಲಿನ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಒಂದು ಅಗುಳು ಹಿಸುಕಿ ನೋಡಿದಳು.

"ಈಗ ಸೊಲ್ಲಿದ್ರೆ ಸುಳ್ಳಾಗ್ತದೆ" ಎಂದು ಗಂಜಿ ಬಸಿಯಲು ಎದ್ದಳು.