ಕೊಳವೆ ತಟ್ಟಿದವರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬಣ್ಣ ತಯಾರಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು ನಾನು. ಪರೀಕ್ಷೆಗೆ ಸಿಗದ್ದನ್ನು ನಂಬುವ ಜಾಯಮಾನವೇ ಅಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಅಂಥ ಮಾತು ತೆಗೆದರೆ, "ನಿನ್ನೆ ಊಟಕ್ಕೆ ಏನ್ ತಿಂದಿದ್ರಿ, ಅದನ್ನ ಮೊದ್ಲು ಹೇಳ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ಅವ್ವ ತೀರಿಕೊಂಡ ಮೇಲೆ ದಾವಣಗೆರೆಯ ಮನೆಯಲ್ಲಿ ಒಬ್ಬಳೇ ಇರಲಾರದೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಹುಡುಕಿಕೊಂಡು ಬಂದೆ. ಮದುವೆ ಆಗಿರಲಿಲ್ಲ. ಆಗಿನ್ನೂ ಅಲ್ಲಿಗೆ ಮೆಟ್ರೋ ಬಂದಿರಲಿಲ್ಲ, ಕಂಪನಿ ಕ್ಯಾಬುಗಳು ಧೂಳೆಬ್ಬಿಸುತ್ತ ಓಡುತ್ತಿದ್ದವು. ನನಗೆ ಸಿಕ್ಕಿದ್ದು ಒಂದು ಹಳೇ ಹೆಂಚಿನ ಬಂಗಲೆಯ ಅರ್ಧ ಭಾಗ. ಇನ್ನರ್ಧದಲ್ಲಿ ಮನೆಯ ಒಡತಿ ಡೊರೀನ್ ಆಂಟಿ ಇದ್ದರು. ಆಂಗ್ಲೋ ಇಂಡಿಯನ್ ಹೆಂಗಸು, ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಬ್ಬರೂ ಬಿಗುಮಾನದವರೇ. ಗೇಟಿನ ಹತ್ತಿರ ಸಿಕ್ಕರೆ ಹಾಲು ಬಂತಾ, ನೀರು ಬಂತಾ, ಅಷ್ಟೇ ಮಾತು. ಕೆಲವು ಭಾನುವಾರ ನನ್ನ ದನಿ ನನಗೇ ಕೇಳದೆ ಸಂಜೆಯಾಗಿಬಿಡುತ್ತಿತ್ತು.

ಬೆಂಗಳೂರಿನಲ್ಲಿ ಮನೆ ಕಾಯಿಸುವಷ್ಟು ಚಳಿ ಎಲ್ಲಿದೆ ಎಂದು ನೀವು ಕೇಳಬಹುದು. ಆ ಎತ್ತರದ ಚಾವಣಿ, ಕಲ್ಲಿನ ಗೋಡೆಯ ನಡುವೆ ಡಿಸೆಂಬರಿನ ಜಡಿಮಳೆಯಲ್ಲಿ ಒಮ್ಮೆ ಮಲಗಿದ್ದರೆ ಕೇಳುತ್ತಿರಲಿಲ್ಲ. ಮನೆ ಕಟ್ಟಿಸಿದ ಪುಣ್ಯಾತ್ಮರು ಇಬ್ಬರ ಕಡೆಗೂ ಒಂದೊಂದು ಕಬ್ಬಿಣದ ಸೌದೆ ಒಲೆ ಇಡಿಸಿದ್ದರು. ನಡುಗೋಡೆಯ ಆಚೆಗೊಂದು, ಈಚೆಗೊಂದು. ಎರಡರ ಕೊಳವೆಗಳೂ ಮೇಲೆ ಒಂದೇ ಚಿಮಣಿ ಸೇರುತ್ತಿದ್ದವು. ಕೊಳವೆಯೊಳಗೆ ಒಂದು ತಿರುಗುವ ತಗಡು, ಹೊರಗೆ ಅದರ ಹಿಡಿ. ಹಿಡಿ ನೆಟ್ಟಗಿದ್ದರೆ ಹೊಗೆ ಸರಾಗವಾಗಿ ಮೇಲೆ ಹೋಗುತ್ತದೆ, ಅಡ್ಡ ತಿರುಗಿಸಿದರೆ ದಾರಿ ಮುಚ್ಚುತ್ತದೆ.

ಬಾಡಿಗೆಗೆ ಬಂದ ದಿನವೇ ಆಂಟಿ ಪಾಠ ಮಾಡಿದ್ದರು. "ನೋಡಮ್ಮ, ಮೊದ್ಲು ಒಂದು ಪೇಪರ್ ಸುಟ್ಟು ಪೈಪ್ ಬಿಸಿ ಮಾಡ್ಬೇಕು. ಆಮೇಲೆ ಸೌದೆ. ಕುಂದಲಹಳ್ಳಿ ಡಿಪೋದವನು ಹಸಿ ನೀಲಗಿರಿ ಕೊಡ್ತಾನೆ, ತಗೋಬೇಡ, ಒಣಗಿದ ಸರ್ವೆ ಕೇಳು. ಈ ಹಿಡಿ ಮಾತ್ರ ಫುಲ್ ಕ್ಲೋಸ್ ಮಾಡ್ಬೇಡ. ಒಲೆಗೂ ಉಸಿರು ಬೇಕು."

ನಾನು ತಲೆ ಆಡಿಸಿದೆ. ಆದರೆ ಒಲೆಯ ವಿಷಯ ನನಗೆ ಯಾರು ಹೇಳಿಕೊಡಬೇಕು? ನಮ್ಮ ಬಚ್ಚಲ ಒಲೆಯನ್ನು ಅವ್ವ ಎಂದೂ ಆರಲು ಬಿಟ್ಟವಳಲ್ಲ. ಸಂಜೆ ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿದರೆ ಬೆಳಿಗ್ಗೆ ಒಂದು ಹಿಡಿ ತೆಂಗಿನ ನಾರು ಇಟ್ಟು ಊದಿದರೆ ಸಾಕಿತ್ತು. ಬೆಂಕಿ ಆರಿಸಿದ ಮನೆ ಮನೆಯಲ್ಲ ಎನ್ನುತ್ತಿದ್ದಳು. ನಾನೂ ಇಲ್ಲಿ ಹಾಗೇ ಮಾಡುತ್ತಿದ್ದೆ. ಕೆಂಡವಾದ ಮೇಲೆ ಬೂದಿ ಎಳೆದು, ಬಿಸಿ ಮೇಲೆ ಹೋಗಿ ಹಾಳಾಗದಿರಲಿ ಎಂದು ಹಿಡಿಯನ್ನು ಅಡ್ಡಕ್ಕೆ ತಿರುಗಿಸುತ್ತಿದ್ದೆ.

ಹಾಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಕೊಳವೆ ತಟ್ಟಿದ ಸದ್ದು. ಟಕ್ ಟಕ್, ಸಮನಾಗಿ, ಇಕ್ಕಳದ ತುದಿಯಿಂದ ತಟ್ಟಿದ ಹಾಗೆ. ಹೊಗೆ ಆ ಕಡೆ ಹೋಗುತ್ತಿದೆ, ಆಂಟಿ ಬೈಯುತ್ತಿದ್ದಾರೆ ಎಂದುಕೊಂಡು "ಆಯ್ತ್ರೀ, ತೆಗ್ದೆ" ಎಂದು ಕೂಗಿ ಹಿಡಿ ನೆಟ್ಟಗೆ ಮಾಡುತ್ತಿದ್ದೆ. ಸದ್ದು ನಿಲ್ಲುತ್ತಿತ್ತು. ಆ ಚಳಿಗಾಲದಲ್ಲಿ ಹೀಗೆ ಎಷ್ಟು ಸಂಜೆ ಆಯಿತೋ. ಗೇಟಿನಲ್ಲಿ ಸಿಕ್ಕಾಗ ಆಕೆ ಆ ವಿಷಯ ಎತ್ತಲಿಲ್ಲ, ಬೈಸಿಕೊಂಡ ನಾನು ಎತ್ತುತ್ತೇನೆಯೇ? ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ, ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸದ್ದಿಗೆ ಕಾಯತೊಡಗಿದೆ. ದಿನದಲ್ಲಿ ನನ್ನನ್ನು ವಿಚಾರಿಸುವುದು ಅದೊಂದೇ ಆಗಿತ್ತು.

ಒಂದು ಭಾನುವಾರ ನೆಗಡಿ, ಮೈಕೈ ನೋವು. ಹೊರಗೆ ಸೈಕ್ಲೋನಿನ ಜಿಟಿಜಿಟಿ ಮಳೆ. ಮಧ್ಯಾಹ್ನವೇ ಒಲೆ ಹಚ್ಚಿದೆ. ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿ, ಕೆಂಡದ ಮೇಲೆ ಬೂದಿ ಎಳೆದು, ಹಿಡಿಯನ್ನು ಪೂರ್ತಿ ಅಡ್ಡ ಮಾಡಿ, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಬೂದಿ ಮುಚ್ಚಿದ ಕೆಂಡದಲ್ಲಿ ಕಣ್ಣಿಗೆ ಕಾಣುವ ಹೊಗೆ ಇರುವುದಿಲ್ಲ. ವಿಷ ಇರುತ್ತದೆ. ಲ್ಯಾಬಿನಲ್ಲಿ ಕೂರುವ ನನಗೆ ಅದು ಗೊತ್ತಿತ್ತು. ಆದರೆ ಅವ್ವನ ಒಲೆ ಇದ್ದದ್ದು ಹೆಂಚಿನ ಸಂದಿಯಿಂದ ಆಕಾಶ ಕಾಣುವ ಬಚ್ಚಲಲ್ಲಿ, ಇದು ಬಾಗಿಲು ಜಡಿದ ಕೋಣೆ ಎನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ.

ತಲೆ ಸಿಡಿಯತೊಡಗಿತು. ಜ್ವರ ಏರುತ್ತಿದೆ ಎಂದುಕೊಂಡೆ. ಆಮೇಲೆ ನೋವೂ ಹೋಗಿ, ಮೈಯೆಲ್ಲ ಹಿತವಾಗಿ ಭಾರವಾಯಿತು. ಅವ್ವ ಹೋದಮೇಲೆ ಅಷ್ಟು ನೆಮ್ಮದಿಯಾಗಿ ನಾನು ಮಲಗಿರಲಿಲ್ಲ. ಇನ್ನು ಏಳುವುದೇ ಬೇಡ ಅನ್ನಿಸಿತು.

ಆಗ ಟಕ್ ಟಕ್ ಶುರುವಾಯಿತು. "ಆಯ್ತ್ರೀ" ಅನ್ನಲು ನಾಲಿಗೆ ಹೊರಳಲಿಲ್ಲ. ಬೇರೆ ದಿನ ಸ್ವಲ್ಪ ತಟ್ಟಿ ಸುಮ್ಮನಾಗುತ್ತಿದ್ದ ಸದ್ದು ಅಂದು ನಿಲ್ಲಲೇ ಇಲ್ಲ. ಈ ಮುದುಕಿಗೆ ಭಾನುವಾರವೂ ಬಿಡುವಿಲ್ಲವಲ್ಲ ಎಂದು ಸಿಟ್ಟು ಬಂತು. ನನ್ನನ್ನು ಎಬ್ಬಿಸಿದ್ದು ಆ ಸಿಟ್ಟೇ. ಏಳಹೋಗಿ ಬಿದ್ದೆ. ತೆವಳಿಕೊಂಡು ಹೋಗಿ ಹಿಡಿ ತಿರುಗಿಸಿದೆ. ಸದ್ದು ನಿಂತಿತು. ಹೇಗೋ ಬಾಗಿಲು ತೆಗೆದು ಜಗಲಿಗೆ ಬಿದ್ದು ವಾಂತಿ ಮಾಡಿಕೊಂಡೆ. ತಲೆ ಎತ್ತಿ ನೋಡಿದರೆ ಪಕ್ಕದ ಬಾಗಿಲಿಗೆ ಬೀಗ.

ಮಳೆಯ ಎರಚಲಲ್ಲೇ ಗೋಡೆಗೆ ಒರಗಿ ಕೂತಿದ್ದೆ. ಸಂಜೆ ಬೆಳಕಿರುವಾಗಲೇ ಆಂಟಿ ಆಟೋದಿಂದ ಇಳಿದರು. ಬೆಳಿಗ್ಗೆ ಚರ್ಚಿಗೆ ಹೋದವರು ಹಾಗೇ ತಂಗಿ ಮನೆಯಲ್ಲಿ ಊಟ ಮುಗಿಸಿ ಬಂದಿದ್ದರು. ನನ್ನ ಮುಖ ನೋಡಿ ಗಾಬರಿಯಾದರು. ಆದದ್ದನ್ನೆಲ್ಲ ಹೇಳಿ, "ಒಳಗೆ ಯಾರಿದ್ರು ಆಂಟಿ?" ಎಂದೆ.

"ಯಾರಿರ್ತಾರೆ? ನನ್ನ ಒಲೇನೂ ಹಚ್ಚಿಲ್ಲ ಇವತ್ತು."

"ದಿನಾ ಸಂಜೆ ಕೊಳವೆ ತಟ್ಟೋದು ನೀವೇ ಅಲ್ವೇನ್ರೀ?"

ಆಕೆ ಕೈಯಲ್ಲಿದ್ದ ಕೇಕಿನ ಚೀಲ ಕೆಳಗಿಟ್ಟರು. "ನಾನಾ? ನೀನಲ್ವಾ ತಟ್ಟೋದು? ನಂಗೆ ಒಲೆ ಮುಂದೆ ಕೂತ್ರೆ ತೂಕಡಿಕೆ, ಹಿಡಿ ಮರ್ತುಬಿಡ್ತೀನಿ. ನೀನು ತಟ್ತೀಯ ಅಂತ ಎದ್ದು ತೆಗೀತಿದ್ದೆ. 'ಆಯ್ತಮ್ಮ' ಅಂತಾನೂ ಕೂಗ್ತಿದ್ದೆ. ಪಕ್ಕದಲ್ಲಿ ಒಬ್ಳು ಇದ್ದಾಳೆ, ನೋಡ್ಕೋತಾಳೆ ಅನ್ನೋ ಧೈರ್ಯ ಇತ್ತು ಕಣಮ್ಮ."

ಆಮೇಲೆ ಆಕೆಯೇ ಹೇಳಿದರು, ತಟ್ಟಿ ನೋಡು ಎಂದು. ಆಕೆ ಬೀಗ ತೆಗೆದು ತಮ್ಮ ಒಲೆಯ ಪಕ್ಕ ನಿಂತರು. ನಾನು ಈ ಕಡೆ ಇಕ್ಕಳದಿಂದ ಕೊಳವೆಗೆ ಬಲವಾಗಿಯೇ ಬಡಿದೆ. ಆಕೆ ಬಂದರು. "ಯಾಕೆ, ತಟ್ಲಿಲ್ವಾ?" ಎಂದರು. ಮತ್ತೆ ಆಕೆ ತಮ್ಮ ಕಡೆ ಹೋದರು, ನಾನು ಇಲ್ಲೇ ಕಿವಿಗೊಟ್ಟೆ. ಆಕೆ ಬಡಿದದ್ದೂ ನನಗೆ ಕೇಳಲಿಲ್ಲ. ಗೋಡೆ ಅಷ್ಟು ದಪ್ಪ. ನಾನು ಇಡೀ ಚಳಿಗಾಲ ಕೂಗಿದ್ದು ಆಕೆಗೆ ತಲುಪಿರಲಿಲ್ಲ, ಆಕೆ ಕೂಗಿದ್ದು ನನಗೆ ತಲುಪಿರಲಿಲ್ಲ.

ಕಬ್ಬಿಣ ಬಿಸಿಯಾದಾಗ, ತಣಿದಾಗ ಸದ್ದು ಮಾಡುತ್ತದೆ, ನನಗೆ ಗೊತ್ತು. ಆಮೇಲೆ ಎಷ್ಟೋ ಸಂಜೆ ಕಿವಿಗೊಟ್ಟು ಕೂತೆ. ಒಮ್ಮೆ ಚಿಟ್ ಎನ್ನುತ್ತದೆ, ಸುಮ್ಮನಾಗುತ್ತದೆ. ಅದು ಹೀಗೆ ತಟ್ಟುವುದಿಲ್ಲ, ಹಿಡಿ ತೆಗೆದ ಕೂಡಲೇ ನಿಲ್ಲುವುದೂ ಇಲ್ಲ. ಅವ್ವನೇ ಬಂದಿದ್ದಳು ಎಂದುಕೊಂಡರೆ ಸಮಾಧಾನವೇನೋ ಹೌದು. ಆದರೆ ಅವ್ವ ಆ ಹಿಡಿಯನ್ನು ಕಂಡವಳೇ ಅಲ್ಲ, ಅವಳಾಗಿದ್ದರೆ ಬೂದಿ ಸರಿಯಾಗಿ ಎಳೆ ಎನ್ನುತ್ತಿದ್ದಳು.

ಅಂದಿನಿಂದ ನಾವು ಒಂದೇ ಒಲೆ ಹಚ್ಚಿದೆವು, ಆಂಟಿಯ ಕಡೆಯದು. ಊಟ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಆಕೆ ತೂಕಡಿಸಿದರೆ ನಾನು ಹಿಡಿ ನೋಡಿಕೊಳ್ಳುತ್ತಿದ್ದೆ, ನಾನು ತೂಕಡಿಸಿದರೆ ಆಕೆ. ಆ ಸದ್ದು ಮತ್ತೆ ಬರಲಿಲ್ಲ. ಕೆಲವು ವರ್ಷದ ಮೇಲೆ ಆಕೆ ತೀರಿಕೊಂಡರು, ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಅಷ್ಟು ದಿನ "ಆಯ್ತ್ರೀ, ತೆಗ್ದೆ" ಎಂದು ನಾನು ಉತ್ತರ ಕೊಟ್ಟಿದ್ದು ಯಾರಿಗೋ, ಇವತ್ತಿಗೂ ನನಗೆ ತಿಳಿದಿಲ್ಲ.