ಜಗಳಗಂಟನ ಶುಕ್ರವಾರದ ಹಾಡು

ನನ್ನ ಅತ್ತೆ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಟ್ರಂಕ್ ಕಾಲ್ ಕಾಲದವರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಖ ಕಾಣದ ಜನರ ದನಿಗಳನ್ನು ಒಂದಕ್ಕೊಂದು ಜೋಡಿಸುತ್ತ ಆಯುಷ್ಯದ ಬಹುಪಾಲು ಕಳೆದದ್ದರಿಂದಲೋ ಏನೋ, ಮನುಷ್ಯರನ್ನು ಅವರು ಅಳೆಯುವುದು ದನಿಯಿಂದ. ಮದುವೆಗೆ ಮುಂಚೆ ನನ್ನನ್ನೂ ಫೋನಿನಲ್ಲಿ ಮಾತಾಡಿಸಿಯೇ ಒಪ್ಪಿಕೊಂಡಿದ್ದರಂತೆ. “ಫೋಟೋ ಆಮೇಲೆ ನೋಡಿದ್ದು. ದನೀಲಿ ಸ್ವಲ್ಪ ಗಡಿಬಿಡಿ ಇತ್ತು, ಕಪಟ ಇರ್ಲಿಲ್ಲ” ಎಂದು ಈಗಲೂ ಬಂದವರ ಮುಂದೆ ಹೇಳುತ್ತಾರೆ.

ಮಾವ ತೀರಿಕೊಂಡ ಮೇಲೆ ಅತ್ತೆ ಅಮೆರಿಕದ ಸಿಯಾಟಲ್ ಹತ್ತಿರದ ವುಡಿನ್‌ವಿಲ್‌ನ ನಮ್ಮ ಮನೆಗೆ ಬಂದರು. ನಾನು ಬೆಲ್ವ್ಯೂಗೆ, ಗಂಡ ಸೌತ್ ಲೇಕ್ ಯೂನಿಯನ್‌ಗೆ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಹೊತ್ತು ಹೋಗಲಿ ಎಂದು ಕನ್ನಡ ಧಾರಾವಾಹಿಗಳನ್ನು ಹಾಕಿಕೊಟ್ಟೆವು. “ಎಲ್ರೂ ಒಂದೇ ಶ್ರುತೀಲಿ ಅಳ್ತಾರೆ ಕಣೇ” ಎಂದು ಒಂದೇ ವಾರಕ್ಕೆ ಕೈಬಿಟ್ಟರು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಸಂಜೆ ನಾನು ಬೇಗ ಮನೆಗೆ ಬಂದಾಗ ಗ್ಯಾರೇಜಿನವರೆಗೂ ಯಾರದೋ ಕೂಗಾಟ ಕೇಳಿಸಿತು. ಗಾಬರಿಯಿಂದ ಒಳಗೆ ಓಡಿದೆ. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು, ಹುರುಳೀಕಾಯಿಯ ನಾರು ತೆಗೆಯುತ್ತ, ಅಮೆರಿಕದ ರಾಜಕೀಯ ಚಾನೆಲ್ ನೋಡುತ್ತಿದ್ದರು.

ಟೀವಿಯಲ್ಲಿದ್ದವನು ಆ ಚಾನೆಲ್ಲಿನ ದೊಡ್ಡ ನಿರೂಪಕ. ಅಂಗಿಯ ತೋಳು ಮಡಚಿ, ಕನ್ನಡಕ ಹಣೆಗೇರಿಸಿ, ಮೇಜು ಗುದ್ದಿ ಗುದ್ದಿ ಮಾತಾಡುವವನು. ಪೂರ್ವ ತೀರದಲ್ಲಿ ಊಟದ ನಂತರ ಬರುವ ಅವನ ಕಾರ್ಯಕ್ರಮ ಗಡಿಯಾರ ಮೂರು ಗಂಟೆ ಹಿಂದಿರುವ ನಮ್ಮಲ್ಲಿ ಸಂಜೆ ಕಾಫಿಯ ಹೊತ್ತಿಗೇ ಬರುತ್ತದೆ. ಅವನು ಯಾವ ಪಕ್ಷದ ಕಡೆಯವನೆಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ ಇಲ್ಲೇ ಎದ್ದುಹೋಗುತ್ತಾರೆ. ಅತ್ತೆ ಅವನಿಗೆ ಜಗಳಗಂಟ ಎಂದು ಹೆಸರಿಟ್ಟಿದ್ದರು.

“ಅಷ್ಟೊಂದು ಕಿರಿಚ್ತಾನಲ್ಲ ಅತ್ತೆ, ತಲೆ ನೋಯಲ್ವಾ?” ಎಂದೆ.

“ಕಿರಿಚೋದು ಮೇಲ್ಮೇಲೆ. ಪ್ರಶ್ನೆ ಕೇಳೋ ಮುಂಚೆ ಒಂದು ಕ್ಷಣ ದನಿ ಇಳಿಸ್ತಾನೆ ನೋಡು. ಅವನಿಗೇ ಭಯ ಇದೆ. ಭಯ ಇರೋರು ಕೆಟ್ಟೋರಾಗಿರಲ್ಲ” ಎಂದರು ಅತ್ತೆ.

ಅವನ ಜಗಳಕ್ಕಿಂತ ಅತ್ತೆಯನ್ನು ಹಿಡಿದಿಟ್ಟದ್ದು ಅವನ ಶುಕ್ರವಾರ. ವಾರದ ಕೊನೆಯ ಕಾರ್ಯಕ್ರಮ ಮುಗಿಯುವಾಗ ಅವನು ಕನ್ನಡಕ ಕೆಳಗಿಳಿಸಿ, ಈ ವಾರಕ್ಕೆ ಇಷ್ಟು ಜಗಳ ಸಾಕು ಎನ್ನುವನು. ಆಮೇಲೆ ಯಾವುದಾದರೂ ಹಳೆಯ ಸಂಗೀತ ಕಛೇರಿಯ ತುಣುಕೊಂದು ಬರುತ್ತಿತ್ತು. ಕಪ್ಪು ಬಿಳುಪಿನಲ್ಲಿ ಬೆವರು ಒರೆಸಿಕೊಳ್ಳುತ್ತ ತುತ್ತೂರಿ ಊದುವ ದಪ್ಪ ಮನುಷ್ಯ. ಪಿಯಾನೋ ಮುಂದೆ ಕೂತು, ಸಭೆ ಸುಮ್ಮನಾಗುವವರೆಗೂ ಒಂದು ಸ್ವರವನ್ನೂ ಮುಟ್ಟದ ಹೆಂಗಸು. ಗಿಟಾರಿನ ತಂತಿ ಕಿತ್ತುಹೋದರೂ ನಕ್ಕು ಮುಂದುವರಿಸಿದ ಹುಡುಗ. ಹಾಡು ಮುಗಿದ ಮೇಲೆ ತೆರೆಯ ಕೆಳಗೆ ಹಾಡಿದವರ ಹೆಸರು ಬರುತ್ತಿತ್ತು. ಕರ್ನಾಟಕ ಸಂಗೀತ ಬಿಟ್ಟು ಬೇರೆಯದಕ್ಕೆ ಕಿವಿಗೊಡದ ಅತ್ತೆ ಆ ತುಣುಕುಗಳಿಗಾಗಿ ಕೈಕೆಲಸ ಪಕ್ಕಕ್ಕಿಡುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಹೈಸ್ಕೂಲಿನಲ್ಲಿ ವೃಂದಗಾನ ಕಲಿಸಿ ನಿವೃತ್ತರಾದ ಅಮೆರಿಕನ್ ಟೀಚರ್ ಒಬ್ಬರಿದ್ದಾರೆ. ಒಂಟಿ ಜೀವ. ಬೆಳ್ಳಗಿನ ಗಿಡ್ಡ ಕೂದಲು, ವರ್ಷವಿಡೀ ಕಾಲಲ್ಲಿ ತೋಟದ ಬೂಟು. ರಾಜಕೀಯದಲ್ಲಿ ಜಗಳಗಂಟನಿಗೆ ಪೂರ್ತಿ ಎದುರು ದಿಕ್ಕು. ಅವರ ಕಾರಿನಲ್ಲಿ ಸದಾ ಮೊಳಗುವುದು ಅವರದೇ ಪಾಳಯದ ರೇಡಿಯೋ ಮಾತುಗಾರನೊಬ್ಬನ ದನಿ. ಒಮ್ಮೆ ಅತ್ತೆಯನ್ನು ಲೈಬ್ರರಿಗೆ ಕರೆದೊಯ್ಯುವಾಗ ಅವನ ಮಾತು ಕೇಳಿಸಿದ್ದರು. “ಜೇನು ಸವರಿದ ದನಿ. ಇಂಥೋರು ಮಾತು ಮುಗಿದ್ಮೇಲೂ ಲೈನ್ ಬಿಡಲ್ಲ” ಎಂದು ಅತ್ತೆ ಮನೆಗೆ ಬಂದು ತೀರ್ಪು ಕೊಟ್ಟರು.

ಒಂದು ಬೇಸಿಗೆಯ ಶುಕ್ರವಾರ ನಮ್ಮ ಕಿಟಕಿಗಳೆಲ್ಲ ತೆರೆದಿದ್ದವು. ಹಾಡು ಪಕ್ಕದ ತೋಟದವರೆಗೂ ಹೋಯಿತಂತೆ. ಟೀಚರ್ ಮಣ್ಣು ಮೆತ್ತಿದ ಕೈಗವಸಿನಲ್ಲೇ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಯಾವ ಕಾಲದ ಕಛೇರಿ ಇದು ಎಂದು ಕೇಳಿ, ನಿಂತೇ ಕೊನೆಯವರೆಗೆ ನೋಡಿದರು. ಮುಗಿದ ಮೇಲೆ ಅದು ಯಾರ ಕಾರ್ಯಕ್ರಮವೆಂದು ಗೊತ್ತಾಗಿ, ಸಗಣಿ ತುಳಿದವರ ಹಾಗೆ ಒಂದು ಹೆಜ್ಜೆ ಹಿಂದಕ್ಕಿಟ್ಟರು. ಆದರೆ ಮುಂದಿನ ಶುಕ್ರವಾರ ತಾವಾಗಿಯೇ ಬಂದರು. ಟೀವಿಗೆ ಬೆನ್ನು ಹಾಕಿ, ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕೂತರು. ಜಗಳಗಂಟನ ಮಾತು ಮುಗಿದ ಕೂಡಲೇ ಅತ್ತೆ ಅವರ ಭುಜ ತಟ್ಟಿ, ತಮ್ಮ ಎಕ್ಸ್‌ಚೇಂಜಿನ ಇಂಗ್ಲಿಷಿನಲ್ಲಿ, “ಲೈನ್ ಕ್ಲಿಯರ್ ಟೀಚರ್, ಗೋ ಅಹೆಡ್” ಎಂದರು. ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಅತ್ತೆ ಅತ್ತೆ ಎಂದು ಕರೆಯುವುದನ್ನು ಕೇಳಿ, ಅದೇ ಹೆಸರಿರಬೇಕೆಂದು ಟೀಚರ್ ಅವರನ್ನು “ಆಟ್ಟೆ” ಎಂದು ಕರೆಯತೊಡಗಿದರು. ಯಾರೂ ತಿದ್ದಲಿಲ್ಲ.

ಹೀಗೆ ಸಾಗಿದ್ದಾಗ ಒಂದು ಶುಕ್ರವಾರ ವಯಸ್ಸಾದ ಗಾಯಕಿಯೊಬ್ಬಳ ಹಾಡು ಬಂತು. ಬಯಲು ವೇದಿಕೆ, ಜಿನುಗು ಮಳೆ. ಆಕೆ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಳೆಯ ಚರ್ಚಿನ ಹಾಡೊಂದನ್ನು ತೀರಾ ನಿಧಾನವಾಗಿ ಹಾಡುತ್ತಿದ್ದಳು. ದನಿ ಅಲ್ಲಲ್ಲಿ ಒಡೆದಿತ್ತು. ಆ ಒಡಕಿನಲ್ಲೇ ಏನೋ ಇತ್ತು. ನಾನೂ ಸೌಟು ಹಿಡಿದುಕೊಂಡೇ ಬಂದು ನಿಂತೆ. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಚಿತ್ರ ಫಕ್ಕನೆ ಮಾಯವಾಗಿ, ರಾಜಧಾನಿಯಲ್ಲಿ ಯಾವುದೋ ಮತದಾನ ಮುಗಿದ ಸುದ್ದಿ ಬಂತು. ಗಾಯಕಿ ಮತ್ತೆ ಬರಲಿಲ್ಲ. ಹೆಸರೂ ಬರಲಿಲ್ಲ.

“ಇದೇನಿದು, ಮಧ್ಯದಲ್ಲಿ ಕಟ್ ಮಾಡಿದ್ರು!” ಅತ್ತೆ ಎದ್ದು ನಿಂತುಬಿಟ್ಟಿದ್ದರು. “ನಾವು ಯಾವತ್ತೂ ಹೇಳದೆ ಲೈನ್ ಕಟ್ ಮಾಡ್ತಿರ್ಲಿಲ್ಲ.”

ಮಗಳು ಫೋನಿನಲ್ಲಿ ಹುಡುಕಿದಳು. “ಅಜ್ಜಿ, ಐ ನೀಡ್ ಅ ನೇಮ್” ಎಂದು ಕೈಚೆಲ್ಲಿದಳು. ಟೀಚರಿಗೆ ಹಾಡು ಗೊತ್ತಿತ್ತು, ಗಾಯಕಿ ಗೊತ್ತಿರಲಿಲ್ಲ. ಆ ಹಾಡನ್ನು ಹಾಡದವರೇ ಇಲ್ಲವಂತೆ. ಮುಂದಿನ ವಾರ ಹಾಡನ್ನು ಪೂರ್ತಿ ತೋರಿಸಬಹುದು ಎಂದು ಕಾದೆವು. ತೋರಿಸಲಿಲ್ಲ. ಅದಾದ ಕೆಲವೇ ತಿಂಗಳಿಗೆ ಜಗಳಗಂಟನೇ ಚಾನೆಲ್ಲಿನಿಂದ ಕಾಣೆಯಾದ. ಮಾಲೀಕರಿಗೂ ಅವನಿಗೂ ಸರಿಬರಲಿಲ್ಲ ಎಂಬುದಷ್ಟೇ ನಮಗೆ ತಿಳಿದದ್ದು. ಅವನ ಜಾಗಕ್ಕೆ ನಗುಮುಖದ ಯುವತಿಯೊಬ್ಬಳು ಬಂದಳು. ಅತ್ತೆ ಕೆಲವು ದಿನ ನೋಡಿ, ಟೀವಿ ಆರಿಸಿ, ಶುಕ್ರವಾರದ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿ ಟೀಚರ್ ಜೊತೆ ಕಳೆ ಕೀಳತೊಡಗಿದರು.

ಮುಂದಿನ ವಸಂತದಲ್ಲಿ ಜಗಳಗಂಟ ಊರೂರು ಸುತ್ತಿ ಭಾಷಣ ಮಾಡುತ್ತಿದ್ದಾನೆ, ಸಿಯಾಟಲ್‌ಗೂ ಬರುತ್ತಾನೆ ಎಂಬ ಸುದ್ದಿಯನ್ನು ನನ್ನ ಗಂಡ ತಂದರು. ಅತ್ತೆ ಹೊರಟೇಬಿಟ್ಟರು. ಆಶ್ಚರ್ಯವೆಂದರೆ ಟೀಚರೂ ಹೊರಟರು. “ಆಟ್ಟೆಯನ್ನು ಆ ಗುಂಪಿನ ಮಧ್ಯೆ ಒಬ್ಬಳನ್ನೇ ಬಿಡಲಾರೆ” ಎಂದು ನನಗೆ ಗಂಭೀರವಾಗಿ ಹೇಳಿದರು. ನಾನು ಜೊತೆಗಿರುವುದು ಅವರ ಲೆಕ್ಕಕ್ಕೆ ಬಂದಂತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಹೋದೆವು. ಅತ್ತೆ ಮರೂನ್ ಬಣ್ಣದ ಮೈಸೂರು ಸಿಲ್ಕ್ ಸೀರೆಯ ಮೇಲೆ ರೇನ್‌ಕೋಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ್ದರು. ಟೀಚರ್ ತಮ್ಮ ಪಕ್ಷದ ಬಿಲ್ಲೆಯನ್ನು ಕೋಟಿಗೆ ಚುಚ್ಚಿಕೊಂಡಿದ್ದರು. ಬಾಗಿಲಲ್ಲಿ ಟಿಕೆಟ್ ನೋಡುವವನು ಬಿಲ್ಲೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದ. “ನಾನು ಸಂಗೀತಕ್ಕೆ ಬಂದವಳು” ಎಂದರು ಟೀಚರ್. ಇಲ್ಲಿ ಸಂಗೀತ ಇಲ್ಲವಲ್ಲ ಎಂದು ಅವನು ಹೇಳುವಷ್ಟರಲ್ಲಿ ಒಳಗೆ ನಡೆದಿದ್ದರು.

ಜಗಳಗಂಟ ಟೀವಿಯಲ್ಲಿ ಕಂಡದ್ದಕ್ಕಿಂತ ಕುಳ್ಳ. ಒಂದು ಮಂಡಿ ನೋಯುತ್ತಿತ್ತೆಂದು ಕಾಣುತ್ತದೆ, ಕುಂಟುತ್ತ ಬಂದ. ಮೇಜು ಗುದ್ದಿದ, ಕೂಗಿದ, ಸಭೆ ಚಪ್ಪಾಳೆ ತಟ್ಟಿತು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, “ದನಿ ಸೋತಿದೆ ಕಣೇ” ಎಂದರು. ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳುವವರಿಗಾಗಿ ಕುರ್ಚಿಸಾಲುಗಳ ನಡುವೆ ಒಂದು ಮೈಕು ತಂದಿಟ್ಟರು. ನಾನು ಬ್ಯಾಗಿನಲ್ಲಿ ನೀರಿನ ಬಾಟಲಿ ಹುಡುಕಿ ತಲೆಯೆತ್ತುವಷ್ಟರಲ್ಲಿ ಅತ್ತೆ ಸಾಲಿನಲ್ಲಿ ನಿಂತಿದ್ದರು.

ಅವರ ಮುಂದಿದ್ದವರು ಚುನಾವಣೆ, ನ್ಯಾಯಾಲಯ ಎಂದು ಕೇಳಿ ಹೋದರು. ಅತ್ತೆ ಮೈಕನ್ನು ಹದವಾದ ದೂರಕ್ಕೆ ಸರಿಸಿಕೊಂಡರು. “ಗುಡ್ ಆಫ್ಟರ್‌ನೂನ್ ಸರ್. ಐ ಆಮ್ ಕಾಲಿಂಗ್ ಫ್ರಮ್ ವುಡಿನ್‌ವಿಲ್” ಎಂದರು. ಸಭೆ ಗೊಳ್ಳೆಂದಿತು. ಅತ್ತೆ ನಗು ಇಳಿಯುವವರೆಗೂ ಕಾದು, ಒಂದೊಂದೇ ಮಾತು ಜೋಡಿಸಿ ಹೇಳಿದರು: ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ. ಒಂದು ಶುಕ್ರವಾರ ನಿಮ್ಮ ಕಾರ್ಯಕ್ರಮದಲ್ಲಿ ವಯಸ್ಸಾದ ಹೆಂಗಸೊಬ್ಬಳು ಮಳೆಯಲ್ಲಿ ಹಾಡುತ್ತಿದ್ದಳು. ನೀವು ಮಧ್ಯದಲ್ಲಿ ಲೈನ್ ಕಟ್ ಮಾಡಿದಿರಿ. ಆಮೇಲೆ ಏನಾಯಿತು?

ಜಗಳಗಂಟ ನಗಲು ಹೊರಟವನು ತಡೆದುಕೊಂಡ. ಅವನ ದನಿ ಇಳಿಯಿತು.

“ನಿಜ ಹೇಳಬೇಕೆಂದರೆ ಅಮ್ಮಾ, ನನಗೆ ಗೊತ್ತಿಲ್ಲ. ನನ್ನ ಮಾತು ಮುಗಿದ ತಕ್ಷಣ ಮೈಕು ಕಿತ್ತಿಟ್ಟು ಹೊರಟುಬಿಡುತ್ತಿದ್ದೆ. ಹಾಡು ಆರಿಸುತ್ತಿದ್ದದ್ದು ನನ್ನ ಪ್ರೊಡ್ಯೂಸರ್.”

“ನಾಟ್ ಈವನ್ ಒನ್ ಸಾಂಗ್?”

“ಒಂದನ್ನೂ ಕೇಳಿಲ್ಲ.”

ಸಭೆಯಲ್ಲಿ ಗುಜುಗುಜು ಎದ್ದಿತು. ನನಗಂತೂ ಮುಖಕ್ಕೆ ಹೊಡೆದಂತಾಯಿತು. ಅತ್ತೆ ಮಾತ್ರ ನಿಧಾನವಾಗಿ ತಲೆಯಾಡಿಸಿ, “ಓ. ದೆನ್ ಯು ಆಲ್ಸೋ ಡೋಂಟ್ ನೋ” ಎಂದು ಕುರ್ಚಿಯ ಕಡೆ ತಿರುಗಿದರು.

“ಫೋನ್ ಇಡಬೇಡಿ!” ಎಂದು ಕೂಗಿ ಜಗಳಗಂಟ ಪರದೆಯ ಕಡೆ ಕೈಬೀಸಿದ. ಕುತ್ತಿಗೆಗೆ ಹೆಡ್‌ಫೋನ್ ಇಳಿಬಿಟ್ಟಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಹಿಂಜರಿಯುತ್ತ ವೇದಿಕೆಗೆ ಬಂದಳು. ಆಕೆಯೇ ಪ್ರೊಡ್ಯೂಸರ್. ಗಾಯಕಿಯ ಹೆಸರು ಹೇಳಿದಳು. ಅಂದು ಆ ಕಛೇರಿಯಲ್ಲಿ ಕೊನೆಯ ಚರಣಕ್ಕೆ ಮೊದಲು ಮಳೆ ಜೋರಾಗಿ ಕರೆಂಟು ಹೋಯಿತಂತೆ. ಗಾಯಕಿ ಹಾಡು ನಿಲ್ಲಿಸದೆ, ಸತ್ತ ಮೈಕನ್ನು ನೆಲದ ಮೇಲಿಟ್ಟು, ವೇದಿಕೆಯ ಅಂಚಿಗೆ ಬಂದು ನಿಂತಳಂತೆ. ಜನ ಛತ್ರಿ ಮಡಚಿ ಹತ್ತಿರ ಸರಿದರಂತೆ.

“ಆ ಕೊನೆಗಾಗಿಯೇ ನಾನು ಅದನ್ನು ಆರಿಸಿದ್ದು. ಅದನ್ನೇ ಕತ್ತರಿಸಿದರು. ಯಾರಾದರೂ ಕೇಳುತ್ತಾರೇನೋ ಎಂದು ಕಾದಿದ್ದೆ, ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ” ಎಂದು ಆಕೆ ಅತ್ತೆಯ ಕಡೆ ನೋಡಿ ಹೇಳಿದಳು.

ಆಮೇಲೆ ತನ್ನ ಫೋನಿನಲ್ಲಿದ್ದ ಆ ತುಣುಕನ್ನು ಹುಡುಕಿ ಮೈಕಿಗೆ ಹಿಡಿದಳು. ಜನರಲ್ಲಿ ಯಾರೋ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಧ್ವನಿ ಅದು ಎಂದಳು. ಮುಕ್ಕಾಲು ಪಾಲು ಬರೀ ಮಳೆಯ ಸದ್ದು. ಅದರೊಳಗಿಂದ ಎಲ್ಲೋ ದೂರದಲ್ಲಿ ಆಕೆಯ ದನಿ, ಆತುರವಿಲ್ಲದೆ, ಒಂದೊಂದೇ ಸಾಲು. ಜಗಳಗಂಟ ನೋವಿನ ಕಾಲನ್ನು ನೀಡಿಕೊಂಡು ವೇದಿಕೆಯ ಅಂಚಿನಲ್ಲಿ ಕೂತು ಕೇಳಿದ. ಮನೆಯಲ್ಲಿ ಅವನ ಮುಖಕ್ಕೆ ಎಂದೂ ಮುಖ ಕೊಡದಿದ್ದ ಟೀಚರ್ ಹಾಡಿನುದ್ದಕ್ಕೂ ಅವನ ಮುಖವನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ಹಾಡು ಮುಗಿಯಿತು. ಅವನು ಎದ್ದು, ಅತ್ತೆಗೆ “ಥ್ಯಾಂಕ್ ಯು, ಆಪರೇಟರ್” ಎಂದ.

ಸರೋವರದ ಸೇತುವೆ ದಾಟಿ ಮನೆಗೆ ಬರುವಾಗ ನಾನು ಸಿಟ್ಟಿನಲ್ಲಿದ್ದೆ. “ಇಷ್ಟು ದಿನ ನಾವು ಅವನ ಹಾಡು ಅಂತ ಕೂತು ಕೇಳಿದ್ವಲ್ಲ ಅತ್ತೆ, ಅವನು ಒಂದ್ಸಲಾನೂ ಕೇಳಿಲ್ವಂತೆ!”

“ಪಾಪ” ಎಂದರು ಅತ್ತೆ. “ಪ್ರತಿ ವಾರ ಅವನ ಬೆನ್ನ ಹಿಂದೇನೇ ಅಷ್ಟು ಚೆನ್ನಾಗಿ ಹಾಡ್ತಿದ್ರು. ಮನೆಗೆ ಹೋಗೋ ಆತುರದಲ್ಲಿ ಎಲ್ಲ ಕಳ್ಕೊಂಡ. ನಷ್ಟ ಅವನಿಗೆ ತಾನೆ? ಸುಳ್ಳು ಹೇಳ್ಬೋದಿತ್ತು, ಹೇಳ್ಲಿಲ್ಲ ನೋಡು.”

ಹಿಂದಿನ ಸೀಟಿನಲ್ಲಿದ್ದ ಟೀಚರಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು, “ನಮ್ಮ ರೇಡಿಯೋದವನಾಗಿದ್ದರೆ ಎಲ್ಲ ಹಾಡೂ ತಾನೇ ಆರಿಸಿದ್ದು ಎನ್ನುತ್ತಿದ್ದ” ಎಂದರು. ಮರುಕ್ಷಣವೇ, “ನಾನು ಹೀಗೆಂದೆ ಎಂದು ನೀನು ಯಾರಿಗೂ ಹೇಳಬಾರದು” ಎಂದು ಸೇರಿಸಿದರು.

ಜಗಳಗಂಟ ಈಗ ಇಂಟರ್ನೆಟ್ಟಿನಲ್ಲಿ ತನ್ನದೇ ಸಣ್ಣ ಕಾರ್ಯಕ್ರಮ ನಡೆಸುತ್ತಾನೆ. ಕೂಗಾಟ ಕಡಿಮೆಯಾಗಿದೆ. ಶುಕ್ರವಾರದ ಹಾಡು ಮತ್ತೆ ಶುರುವಾಗಿದೆ. ಮುಗಿದ ಮೇಲೆ ಅವನೂ ಪ್ರೊಡ್ಯೂಸರೂ ಅದರ ಬಗ್ಗೆ ಎರಡು ಮಾತಾಡುತ್ತಾರೆ. ಅವನಿಗೆ ಸಂಗೀತ ಅಷ್ಟೇನೂ ತಿಳಿಯುವುದಿಲ್ಲ, ಆದರೆ ಕಲಿಯುತ್ತಿದ್ದಾನೆ ಎಂದು ಅತ್ತೆ ಹೇಳುತ್ತಾರೆ.

ಟೀಚರ್ ತಾವು ನಡೆಸುವ ಹಿರಿಯರ ವೃಂದಗಾನಕ್ಕೆ ಅತ್ತೆಯನ್ನೂ ಎಳೆದುಕೊಂಡಿದ್ದಾರೆ. ಎಲ್ಲರೂ ನಿಂತು ಹಾಡುವುದು, ಒಬ್ಬೊಬ್ಬರು ಒಂದೊಂದು ಸ್ವರದಲ್ಲಿ ಹಾಡುವುದು ಅತ್ತೆಗೆ ಮೊದಮೊದಲು ಹಿಡಿಸಲಿಲ್ಲ. “ಒಂದೇ ಲೈನಲ್ಲಿ ನಾಲ್ಕು ಕಾಲ್ ಸೇರ್ಕೊಂಡ ಹಾಗಿದೆ” ಎಂದು ಗೊಣಗುತ್ತಿದ್ದರು. ಈಗ ಕೆಳದನಿಯವರ ಸಾಲಿನಲ್ಲಿ ಅವರಿಲ್ಲದಿದ್ದರೆ ಆಗುವುದಿಲ್ಲವಂತೆ. ಮಂಗಳವಾರ ಸಂಜೆ ಇಬ್ಬರನ್ನೂ ಅಭ್ಯಾಸಕ್ಕೆ ಬಿಟ್ಟುಬರುವುದು ನನ್ನ ಕೆಲಸ. ದಾರಿಯುದ್ದಕ್ಕೂ ರಾಜಕೀಯದ ಜಗಳ. ಕಳೆದ ವಾರ ಶಾಲೆಗಳಿಗಾಗಿ ಹಾಕುವ ತೆರಿಗೆಯ ವಿಷಯಕ್ಕೆ ಮಾತು ಬೆಳೆದು, ಕಾರು ನಿಲ್ಲಿಸಿದ ಮೇಲೂ ಇಬ್ಬರೂ ಇಳಿಯಲಿಲ್ಲ. ಒಳಗಿಂದ ಪಿಯಾನೋ ಕೇಳಿಸಿದಾಗ ಟೀಚರ್ ಗಡಬಡಿಸಿ ಬಾಗಿಲು ತೆಗೆದು, “ಬಾ ಆಟ್ಟೆ, ಮಿಕ್ಕಿದ್ದು ವಾಪಸು ಹೋಗುವಾಗ” ಎಂದು ಅತ್ತೆಯ ಕೈ ಹಿಡಿದು ಇಳಿಸಿಕೊಂಡರು.