ಬೀರಪ್ಪನ ಗುಡಿಗೆ ಬಂದ ಇಂಗ್ಲಿಷ್ ಪೆಟ್ಟು

ಮಲ್ಲಪ್ಪ ಕಾಕಾನ ಎಡಗೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೂ ಅದು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಿತ್ತು. "ಅನ್ನಕ್ಕರ ಮರ್ಯಾದಿ ಕೊಡ್ರೀ" ಎಂದು ಅವನ ಹೆಂಡತಿ ಕಾಕು ರೇಗಿದರೆ, "ಉಣ್ಣಾಕ ಬಲಗೈ ಐತಲ್ಲ" ಎನ್ನುತ್ತಿದ್ದ. ತೆಲಂಗಾಣದ ಗಡಿಯೂರು ನಾರ್ವದಲ್ಲಿ ನಮ್ಮದೂ ಅವನದೂ ಅಕ್ಕಪಕ್ಕದ ಮನೆ. ಕುರಿ ಕಾಯುವುದು, ಬೀರಪ್ಪನ ಗುಡಿಯಲ್ಲಿ ಡೊಳ್ಳು ಬಾರಿಸುವುದು, ಇವೆರಡೇ ಅವನ ಲೋಕ.

ಒಮ್ಮೆ ನಾನು ಗದ್ವಾಲಿನಿಂದ ಒಂದು ಕ್ಯಾಸೆಟ್ ತಂದೆ. ಅದರಲ್ಲಿದ್ದದ್ದು ನಾನು ಹುಟ್ಟುವ ಮೊದಲೇ ದೇಶದೇಶಗಳನ್ನು ಕುಣಿಸಿದ್ದ ಇಂಗ್ಲಿಷ್ ರಾಕ್ ಹಾಡು. ಮೊದಲು ಬರೀ ಡ್ರಮ್, ಆಮೇಲೆ ಗಿಟಾರಿನ ಗುಡುಗು. ಕಾಕಾ ಕುರಿಗಳನ್ನು ಬೀದಿಯಲ್ಲೇ ಬಿಟ್ಟು ಬಂದು ನಮ್ಮ ಕಟ್ಟೆಯ ಹತ್ತಿರ ನಿಂತ.

"ಇವ್ರ ದೇವ್ರು ಯಾರೋ?"

"ಇದು ದೇವ್ರ ಹಾಡಲ್ಲ ಕಾಕಾ."

"ದೇವ್ರಿಲ್ದ ಇಷ್ಟು ಜೋರು ಹ್ಯಾಂಗ ಬರ್ತೈತಿ? ಇನ್ನೊಮ್ಮಿ ಹಚ್ಚು."

ಕ್ಯಾಸೆಟ್ ಸವೆಯುವ ತನಕ ಹಚ್ಚಿಸಿದ. ಕೊನೆಗೊಂದು ದಿನ ಡೊಳ್ಳು ಹೆಗಲಿಗೇರಿಸಿ ಬಾರಿಸಿದ ನೋಡಿ, ನನ್ನ ಮೈ ಜುಮ್ಮೆಂದಿತು. ಗಿಟಾರಿನ ಗುಡುಗೂ ಆ ಚರ್ಮದಲ್ಲೇ ಇತ್ತು! ಅದನ್ನು ಬೀರಪ್ಪನಿಗೆ ಕೇಳಿಸಬೇಕೆಂಬುದು ಅವನ ಆಸೆ. ಆದರೆ ಸುದ್ದಿ ತಿಳಿದ ಪೂಜಾರಿ, "ನನ್ ಸ್ವಾಮಿ ಮುಂದ ಇಂಗ್ಲಿಷ್ ಪೆಟ್ಟು ಬಿಲ್ಕುಲ್ ಬ್ಯಾಡ" ಎಂದುಬಿಟ್ಟರು. ಕಾಕಾನ ಕಣ್ಣು ತುಂಬಿದವು. "ಇಂಥಾದ್ದು ಸಿಕ್ಕೈತಿ, ಅವಂಗ ಬಿಟ್ಟು ಯಾರಿಗಿ ಕೇಳಿಸ್ಲಿ?"

ವರ್ಷಗಳ ಮೇಲೆ ತೆಲಂಗಾಣ ಹೋರಾಟ ಬಂತು. ನಾರಾಯಣಪೇಟೆಯ ಮೆರವಣಿಗೆಯಲ್ಲಿ ಬಿಸಿಲಿಗೆ ಜನ ಸೋತು, ಘೋಷಣೆಗಳು ತಣ್ಣಗಾಗಿದ್ದವು. ಆಗ ಕಾಕಾ ಆ ಪೆಟ್ಟು ಎತ್ತಿದ. "ಜೈ ತೆಲಂಗಾಣ" ಅದರೊಳಗೆ ತಾನಾಗಿ ಕೂತಿತು. ಸೋತವರೆಲ್ಲ ಕುಣಿದರು. "ಏಂ ದೆಬ್ಬ ಪೆದ್ದಾಯನಾ!" ಎಂಥಾ ಪೆಟ್ಟು ಹಿರಿಯಾ ಎಂದು ತೆಲುಗಿನವರು ಅವನನ್ನು ಎತ್ತಿಕೊಂಡರು. ಮಕ್ತಲ್, ಗದ್ವಾಲ್, ಎಲ್ಲಿ ಹೋದರೂ ಅದೇ ಪೆಟ್ಟು.

ರಾಜ್ಯ ಬಂದ ದಿನ ಪೂಜಾರಿಯೇ ಮನೆ ಬಾಗಿಲಿಗೆ ಬಂದರು. "ಮಲ್ಲಣ್ಣ, ಆ ತೆಲಂಗಾಣ ಪೆಟ್ಟು ಮೊದ್ಲು ಸ್ವಾಮಿಗಿ ಕೇಳಿಸ್ಬೇಕ್ ನೋಡಪ್ಪ."

ತಾವು ಬೇಡವೆಂದಿದ್ದ ಪೆಟ್ಟು ಇದೇ ಎಂದು ಅವರಿಗೆ ಗುರುತೇ ಹತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಕಾಲು ತುಳಿದ. ಅಂದು ಗುಡಿಯಲ್ಲಿ ಅವನು ಬಾರಿಸಿದಂತೆ ಮತ್ತೆ ಯಾರೂ ಬಾರಿಸಿದ್ದನ್ನು ನಾನು ಕೇಳಿಲ್ಲ. ಅರಿಶಿನದ ಭಂಡಾರ ಎರಚುತ್ತ ಪೂಜಾರಿಯೂ ಕುಣಿದರು.

ಕಾಕಾ ಈಗಿಲ್ಲ. ಮೊನ್ನೆ ಗುಡಿಗೆ ಹೋದಾಗ ಹೊಸಬರು ಅದನ್ನೇ ಬಾರಿಸುತ್ತಿದ್ದರು. ಯಾರ ಪೆಟ್ಟಪ್ಪಾ ಇದು ಎಂದು ಕೇಳಿದೆ.

"ಬೀರಪ್ಪಂದ್ರೀ. ಮುತ್ತ್ಯಾರ ಕಾಲದಿಂದ ಐತಿ."

ಇದು ದೇವ್ರ ಹಾಡಲ್ಲ ಎಂದು ಅಂದು ಕಟ್ಟೆಯ ಮೇಲೆ ಕಾಕಾನಿಗೆ ನಾನೇ ತಪ್ಪು ಉತ್ತರ ಕೊಟ್ಟಿದ್ದೆ.